ಎರಡೂ ಒಂದೇ ಫೋನು, ನಕ್ಷೆ ಮಾತ್ರ ಬೇರೆ

ನಮ್ಮತ್ತೆಯ ಕಾಯ್ದೆ ಒಂದೇ: ಇಬ್ಬರು ಸೊಸೆಯರಿಗೆ ಏನೇ ತಂದರೂ ಜೋಡಿ ತರಬೇಕು. ಸೀರೆ, ಚಪ್ಪಲಿ, ಕೊನೆಗೆ ಕುಕ್ಕರ್ ಕೂಡ. (ಆಳಂದದಲ್ಲಿ ಒಂದೇ ಅಡುಗೆಮನೆಯಲ್ಲಿ ಒಂದೇ ಥರದ ಎರಡು ಕುಕ್ಕರ್ ಕಂಡರೆ ಅದು ನಮ್ಮ ಮನೆಯೇ.) ಹೋದ ದೀಪಾವಳಿಗೆ ಫೋನುಗಳೂ ಹಾಗೇ ಬಂದವು. ಒಂದೇ ಹೆಸರು, ಒಂದೇ ನೀಲಿ ಬಣ್ಣ. ಇಲ್ಲಿನ ಅಂಗಡಿಯಲ್ಲಿ ಒಂದೇ ಪೀಸ್ ಇತ್ತೆಂದು ಮೈದುನ ಇನ್ನೊಂದನ್ನು ಅಫಜಲಪುರದಲ್ಲಿ ಹುಡುಕಿ ತಂದಿದ್ದ.

ಕಳೆದ ಭಾನುವಾರ ಮೈದುನನ ಹೆಂಡತಿ ಸವಿತಾಳ ಫೋನು ಅಪ್‌ಡೇಟ್ ಆಗುತ್ತಾ ಆಗುತ್ತಾ ನಿಂತುಬಿಟ್ಟಿತು. ಆನ್ ಮಾಡಿದರೆ ಲೋಗೋ, ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಲೋಗೋ. ಅಂಗಡಿಯವನನ್ನು ಕೇಳಿದರೆ "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕಾಗ್ತದ್ರಿ" ಎಂದ.

ಸವಿತಾಳ ಮುಖ ಸಣ್ಣಗಾಯಿತು. ಜೇವರ್ಗಿಯ ತವರಿನಲ್ಲಿ ಅವಳ ಮಗಳು ಚಿನ್ನು ಮೊದಲ ಸಲ ನಡೆದ ವಿಡಿಯೊ ಅದರಲ್ಲಿತ್ತು. ಇನ್ನೂ ಯಾರಿಗೂ ಕಳಿಸಿರಲಿಲ್ಲ.

"ಅಕ್ಕಾ, ಕೂಸು ಮತ್ತೊಮ್ಮೆ ಮೊದಲನೇ ಹೆಜ್ಜಿ ಇಡ್ತದೇನ್ರಿ?" ಎಂದಳು.

ಲ್ಯಾಪ್‌ಟಾಪ್ ತೆಗೆದೆ. ಹಿಂದೊಮ್ಮೆ ನನ್ನ ಫೋನಿಗೆ ನಾನೇ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ, ಫೈಲುಗಳು ಹಾಗೇ ಇದ್ದವು. ಅದರಲ್ಲೊಂದು ಸ್ಕ್ಯಾಟರ್ ಫೈಲ್. ಹೆದರಬೇಡಿ, ಅದು ಮನೆಯ ನಕ್ಷೆಯಂತೆ. ಫೋನಿನ ಮೆಮೊರಿಯಲ್ಲಿ ಯಾವ ಕೋಣೆ ಎಲ್ಲಿ ಶುರು, ಎಷ್ಟು ಉದ್ದ ಎಂದು ಅದರಲ್ಲಿರುತ್ತದೆ. ತಪ್ಪು ನಕ್ಷೆ ಕೊಟ್ಟರೆ ದೇವರ ಕೋಣೆಯಲ್ಲಿ ಬಚ್ಚಲು ಕಟ್ಟಿದಂತೆ. ಆಮೇಲೆ ಫೋನು ಏಳುವುದೇ ಕಷ್ಟ.

"ಎರಡೂ ಒಂದೇ ಅದಾವಲ್ಲವಾ, ಮತ್ಯಾಕ ತಡ ಮಾಡಾಕತ್ತಿ?" ಎಂದು ಅತ್ತೆ ಚಹಾ ಇಡಲು ಎದ್ದು ಹೋದರು.

ನನ್ನ ನಕ್ಷೆಯನ್ನೇ ಹಾಕಿ ಬಟನ್ ಒತ್ತುವವಳಿದ್ದೆ. ಯಾಕೋ ಎರಡೂ ಫೋನಿನ ಡಬ್ಬಿ ತರಿಸಿ ನೋಡಿದೆ. ಹೆಸರು ಒಂದೇ, ಮಾಡೆಲ್ ನಂಬರ್ ಬೇರೆ. ನೆಟ್‌ನಲ್ಲಿ ಹುಡುಕಿದರೆ ಒಳಗಿನ ಚಿಪ್ ಕೂಡ ಬೇರೆ, ಅಂದರೆ ನಕ್ಷೆಯೂ ಬೇರೆ! ನನ್ನ ನಕ್ಷೆಯನ್ನು ಅಲ್ಲೇ ತೆಗೆದುಹಾಕಿದೆ.

ಮನುಷ್ಯರ ವಿಷಯದಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ಅಕ್ಕ ಪಾಸಾದ ಟ್ಯೂಷನ್ನಿಗೇ ತಂಗಿಯನ್ನೂ ನೂಕುತ್ತೇವೆ. ಬೈದರೆ ದೊಡ್ಡವನು ಓದುತ್ತಾನೆಂದು ಚಿಕ್ಕವನಿಗೂ ಬೈಯುತ್ತೇವೆ. ಅವನು ಲೋಗೋ ಮೇಲೆ ನಿಂತುಬಿಡುತ್ತಾನೆ.

ಸವಿತಾಳ ಮಾಡೆಲ್ಲಿನ ಫೈಲುಗಳನ್ನೇ, ವರ್ಷನ್ ಸರಿನೋಡಿ, ಕಂಪನಿಯ ಸೈಟಿನಿಂದ ಇಳಿಸಿದೆ. ಫೋಟೊ, ವಿಡಿಯೊ ಇರುವ 'ಯೂಸರ್ ಡೇಟಾ' ಕೋಣೆಯನ್ನು ಮುಟ್ಟದಿರಲೆಂದು ಅದರ ಮುಂದಿನ ಟಿಕ್ ತೆಗೆದೆ. ಎಲ್ಲವನ್ನೂ ಅಳಿಸುವ 'ಫಾರ್ಮ್ಯಾಟ್' ಕಡೆ ಕಣ್ಣೂ ಹಾಯಿಸದೆ 'ಡೌನ್‌ಲೋಡ್ ಓನ್ಲಿ' ಒತ್ತಿದೆ. ಸವಿತಾ ಕೇಬಲ್ ಅಲ್ಲಾಡದಂತೆ ಹಿಡಿದು ಕೂತಳು. ಚಹಾ ತಂದ ಅತ್ತೆ ನಮ್ಮಿಬ್ಬರ ಮುಖ ನೋಡಿ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತೇಬಿಟ್ಟರು.

ಹಸಿರು ಟಿಕ್ ಬಂತು. ಫೋನು ಎದ್ದಿತು. ಅದರೊಳಗೆ ಚಿನ್ನುವೂ ಎದ್ದಳು, ಎರಡು ಹೆಜ್ಜೆ ನಡೆದಳು, ಧೊಪ್ಪನೆ ಕೂತಳು. ಸವಿತಾ ನಗುತ್ತಲೇ ಅತ್ತುಬಿಟ್ಟಳು. ನನಗೂ ಖುಷಿ ತಡೆಯಲಾಗಲಿಲ್ಲ.

ಅತ್ತೆ ಅತ್ತ ಹೋದ ಮೇಲೆ ಅವಳು ಪಿಸುಗುಟ್ಟಿದಳು: "ಅಕ್ಕಾ, ಫೋನ್ ಬ್ಯಾರೆಬ್ಯಾರೆ ಅದಾವಂತ ಅತ್ತಿಯವ್ರಿಗಿ ಹೇಳೋದು ಬ್ಯಾಡ್ರಿ. ಮನಸ್ಸಿಗಿ ಹಚ್ಕೋತಾರ."

ಹೇಳಲಿಲ್ಲ. ಜೋಡಿ ತರುವ ಅತ್ತೆಯ ಕಾಯ್ದೆಗೆ ಇಷ್ಟು ವರ್ಷ ನಕ್ಕವಳು ನಾನು. ಆದರೆ ನೀವೇ ಹೇಳಿ, ಸವಿತಾಳ ಚಿಪ್ ನನ್ನದಕ್ಕಿಂತ ಫಾಸ್ಟ್ ಎಂದು ಓದಿದ ದಿನದಿಂದಲೇ ನನ್ನ ಫೋನು ಇಷ್ಟೊಂದು ಸ್ಲೋ ಆದದ್ದು ಹೇಗೆ?