ಕಾಲು ಮುರಿದು ಕೂತ ಎಂಟು ವಾರ

ನಾನು ಬಸ್ ಕಂಡಕ್ಟರ್. ಮನೆ ಬನಹಟ್ಟಿಯಲ್ಲಿ, ಡ್ಯೂಟಿ ಜಮಖಂಡಿ ಡಿಪೋದಲ್ಲಿ. ಮುಧೋಳದ ರಸ್ತೆಯಲ್ಲಿ ದಿನಕ್ಕೆ ಆರು ಸಲ ಹೋಗಿ ಬರುತ್ತ ಹನ್ನೆರಡು ವರ್ಷ ಕಳೆದಿದ್ದೇನೆ. ಕೂತು ಮಾಡುವ ಕೆಲಸ ಇದಲ್ಲ. ಸೀಟು ಖಾಲಿ ಇದ್ದಾಗಲೂ ನಾನು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುವವಳು.

ಸಂಕ್ರಾಂತಿಗೆ ಇನ್ನೂ ಮೂರು ವಾರವಿತ್ತು. ಕಬ್ಬಿನ ಹಂಗಾಮು ಜೋರಾಗಿ ನಡೆದಿತ್ತು, ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಮುಧೋಳದ ಈಚೆಯ ಒಂದು ಕ್ರಾಸಿನಲ್ಲಿ ಮುದುಕಿಯೊಬ್ಬಳು ಮೆಣಸಿನಕಾಯಿ ಚೀಲ ಇಟ್ಟುಕೊಂಡು ನಿಂತಿದ್ದಳು. ಚೀಲ ಹತ್ತಿಸಿಕೊಳ್ಳೋಣವೆಂದು ಕೆಳಗಿಳಿದೆ. ಯಾವುದೋ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಗಳ ರಸ್ತೆಯ ಅಂಚಿನಲ್ಲಿತ್ತು. ಬಲಗಾಲು ಅದರ ಮೇಲೆ ಬಿತ್ತು, ಗಳ ಉರುಳಿತು, ಪಾದ ಒಳಮಗ್ಗುಲಿಗೆ ಮಡಚಿಕೊಂಡಿತು. ಎಲುಬಿನ ಲಟಕ್ ಸಪ್ಪಳ ಕೇಳಿದ್ದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಸ್ಟೇರಿಂಗ್ ಹಿಡಿದು ಕೂತಿದ್ದ ಡ್ರೈವರ್ ಕೂಡ ತಿರುಗಿ ನೋಡಿದರು.

"ಏನಾತ್ರಿ?"

"ಏನಿಲ್ಲರಿ, ಇನ್ನೂ ನಾಕ ಮಂದಿ ಟಿಕೆಟ್ ಬಾಕಿ ಅದಾವು" ಅಂದೆ. ಮೆಟ್ಟಿಲ ಮೇಲೆ ಕೂತೇ ಆ ನಾಲ್ಕು ಟಿಕೆಟ್ ಹರಿದು ಕೊಟ್ಟೆ. ಐದನೆಯದು ಮುದುಕಿಯದು. ಅಷ್ಟಾದ ಮೇಲೆ ಕಣ್ಣಿಗೆ ಕತ್ತಲೆ ಬಂತು.

ಜಮಖಂಡಿಯ ದವಾಖಾನೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಪಾದದ ಮೇಲಿನ ಗಂಟಿನಲ್ಲಿ ಎಲುಬು ಮುರಿದಿದೆ, ಆದರೆ ಜಾಗ ಬಿಟ್ಟು ಸರಿದಿಲ್ಲ, ಆಪರೇಷನ್ ಬೇಡ ಅಂದರು. "ಆರು ವಾರ ಪ್ಲಾಸ್ಟರ್. ಈ ಕಾಲು ನೆಲಕ್ಕ ಹಚ್ಚಂಗಿಲ್ಲ. ತಿಳೀತೇನ್ರಿ?" ತಿಳಿಯಿತು ಎಂದು ತಲೆ ಆಡಿಸಿದೆ. ಆರು ವಾರವೆಂದರೆ ಎಷ್ಟು ಟ್ರಿಪ್ಪು ಎಂದು ಆಗಲೇ ತಲೆಯಲ್ಲಿ ಲೆಕ್ಕ ಓಡುತ್ತಿತ್ತು.

ಮನೆಯಲ್ಲಿ ನಾವು ಮೂವರು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಹಂಗಾಮಿನಲ್ಲಿ ಅವರಿಗೆ ರಜೆ ಎಂಬ ಮಾತೇ ಇಲ್ಲ. ಮಗಳು ವಿಜಯಪುರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹಗಲೆಲ್ಲ ಉಳಿದವರು ನಾನು ಮತ್ತು ನನ್ನ ಅತ್ತೆ. ಅತ್ತೆಗೆ ಎಪ್ಪತ್ತರ ಆಸುಪಾಸು. ಹೊಳೆಯ ದಂಡೆಯ ಅನಗವಾಡಿಯ ಕುರಿಗಾರರ ಮನೆಯ ಮಗಳು. ಹುಡುಗಿಯಾಗಿದ್ದಾಗ ಕುರಿಯ ಹಿಂದೆ ನಾಲ್ಕು ತಾಲ್ಲೂಕು ನಡೆದವರು. ನನ್ನ ಪ್ಲಾಸ್ಟರನ್ನು ಬೆರಳಿನಿಂದ ಬಡಿದು ನೋಡಿ ಅವರು ಆಡಿದ ಮೊದಲ ಮಾತು:

"ಇದೇನ್ ಗ್ವಾಡಿ ಕಟ್ಟ್ಯಾರಲ್ಲ! ಕುರಿ ಕಾಲ ಮುರದ್ರ ನಾವು ನಾಕ ಬಿದರಿನ ಸಳಿ ಕಟ್ಟಿ ಬಿಡ್ತಿದ್ವಿ. ಹದಿನೈದ ದಿನದಾಗ ಓಡತಿತ್ತು."

"ನಾ ಕುರಿ ಅಲ್ಲರಿ ಅತ್ತಿ."

"ಕುರಿನ ಛಲೋ. ಹೇಳಿದ್ದು ಕೇಳತಿತ್ತು."

ಬೀದಿಯ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡೆ. ಅದು ತಪ್ಪಾಯಿತು. ಮುಖ್ಯ ರಸ್ತೆಯಲ್ಲಿ ಹೋಗುವ ಬಸ್ಸಿನ ಹಾರ್ನ್ ಅಲ್ಲಿಂದ ಕೇಳುತ್ತದೆ. ಎಂಟೂ ಹತ್ತಕ್ಕೆ ಜಮಖಂಡಿ ಬಸ್ಸು, ಎಂಟೂ ಮುಕ್ಕಾಲಿಗೆ ಮಹಾಲಿಂಗಪುರದ್ದು. ಒಂದು ಐದು ನಿಮಿಷ ತಡವಾದರೆ ಕುತ್ತಿಗೆ ಚಾಚಿ ಗಡಿಯಾರ ನೋಡುತ್ತಿದ್ದೆ. ಸುತ್ತಲ ಮನೆಗಳಲ್ಲಿ ಮಗ್ಗಗಳು ಬೆಳಗಿನಿಂದ ಖಟಖಟ ಬಡಿಯುತ್ತವೆ. ಹನ್ನೆರಡು ವರ್ಷ ಆ ಸದ್ದು ನನ್ನ ಕಿವಿಗೆ ಅಷ್ಟಾಗಿ ಬಿದ್ದಿರಲಿಲ್ಲ, ಏಕೆಂದರೆ ವಾರದ ರಜೆ ಬಿಟ್ಟರೆ ಹಗಲು ನಾನು ಮನೆಯಲ್ಲೇ ಇರುತ್ತಿರಲಿಲ್ಲ. ಈಗ ಕರೆಂಟು ಹೋಗಿ ಮಗ್ಗಗಳು ನಿಂತರೂ ಸಿಟ್ಟು, ಮತ್ತೆ ಶುರುವಾದರೂ ಸಿಟ್ಟು. ಪ್ಲಾಸ್ಟರಿನ ಒಳಗೆ ಕೆರೆತ ಬೇರೆ. ಹೆಣಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳಲು ಹೋಗಿ ಚರ್ಮ ಕಿತ್ತುಕೊಂಡೆ.

ಕೂತಲ್ಲಿಂದಲೇ ಮನೆಯನ್ನು ನಡೆಸಲು ಹೊರಟೆ. ಅಡುಗೆಮನೆಯ ಡಬ್ಬಿಗಳ ಸಾಲು ಬದಲಿಸಿರಿ ಅಂದೆ. ಬದಲಿಸಿದರು. ಹೊಸ ಸಾಲಿನಲ್ಲಿ ಅತ್ತೆಗೆ ಉಪ್ಪು ಸಿಗಲಿಲ್ಲ. ಗಂಡನಿಗೆ ದಿನಕ್ಕೆ ಎಂಟು ಸಲ ಫೋನು. "ಗ್ಯಾಸ್ ಬಂತೇನು", "ಊಟ ಆತೇನು", "ಯಾಕ ಫೋನ್ ಎತ್ತಲಿಲ್ಲ". ಒಂದು ದಿನ ಅವರು ಆ ಕಡೆಯಿಂದ ಮೆಲ್ಲಗೆ ಹೇಳಿದರು: "ನಾ ಬಾಯ್ಲರ್ ಬಾಜೂಕ ನಿಂತೇನಿ. ಇಲ್ಲಿ ಶಾಂತ ಐತಿ."

ಅತ್ತೆಯೂ ಒಂದು ಕಡೆ ಕೂಡುತ್ತಿರಲಿಲ್ಲ. ಬಾಗಿಲಿಗೆ ಹೋಗುವುದು, ಬೀದಿ ನೋಡುವುದು, ಒಳಗೆ ಬಂದು ಒಗೆದ ಬಟ್ಟೆಯನ್ನೇ ಮತ್ತೆ ಮಡಚುವುದು. ಹನ್ನೊಂದು ಗಂಟೆಯಾಯಿತೆಂದರೆ ಇದು ಹೆಚ್ಚಾಗುತ್ತಿತ್ತು. ನನಗೇನಾದರೂ ಬೇಕಾದೀತೆಂದು ಒದ್ದಾಡುತ್ತಾರೆ ಅಂದುಕೊಂಡೆ. ನನ್ನನ್ನು ಕಾಯುತ್ತಿದ್ದಾರೆ ಎಂದು ಅದಕ್ಕೂ ಕಿರಿಕಿರಿಪಟ್ಟೆ.

ಮೂರನೆಯ ವಾರ ಹಿಂದಿನ ಓಣಿಯ ನೇಕಾರರ ಮನೆಯ ಹೆಂಗಸು ಬಂದಳು. ನನ್ನನ್ನು ಮಾತಾಡಿಸಲು ಬಂದವಳು, ಆದರೆ ಮಾತಾಡಿದ್ದು ಅತ್ತೆಯ ಜೊತೆ.

"ಏನ್ರಿ ದೊಡ್ಡವ್ವಾ, ಮೂರ ವಾರ ಆತು, ನಿಮ್ಮ ರಾಟಿ ಸುಮ್ನ ಕುಂತೈತಿ. ನೀವಿಲ್ಲದ ನಮಗ ಯಾರಿಗೂ ಮಾತ ಹೊರಡವಲ್ವು."

ಅತ್ತೆ ಕಣ್ಣು ಸನ್ನೆ ಮಾಡಿದರು. ತಡವಾಗಿತ್ತು. ಕೇಳಿ ಕೇಳಿ ತಿಳಿದುಕೊಂಡೆ. ನಾವೆಲ್ಲ ಹೊರಬಿದ್ದ ಮೇಲೆ ದಿನಾ ಹನ್ನೊಂದಕ್ಕೆ ಅತ್ತೆ ಬೀಗ ಹಾಕಿ ಆ ಮನೆಗೆ ಹೋಗುತ್ತಿದ್ದರಂತೆ. ಅಲ್ಲಿ ನಾಲ್ಕು ಹೆಂಗಸರು ಗೋಡೆಗುಂಟ ಕೂತು ರಾಟೆ ತಿರುಗಿಸುತ್ತ ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ ನೂಲು ಸುತ್ತಿ ಕಂಡಿಕೆ ಮಾಡುತ್ತಾರೆ. ಅತ್ತೆಯೂ ಸುತ್ತುತ್ತಿದ್ದರು. ಕೂಲಿಗಲ್ಲ, ಮಾತಿಗೆ. ಏಳು ವರ್ಷದಿಂದ! ಮನೆಯಲ್ಲಿ ಒಬ್ಬರೇ ಮಲಗಿರುತ್ತಾರೆ ಎಂದು ನಾನು ಮಧ್ಯಾಹ್ನ ಮಾಡುತ್ತಿದ್ದ ಫೋನನ್ನು ಅವರು ಆ ರಾಟೆಯ ಮುಂದೆ ಕೂತು ಎತ್ತುತ್ತಿದ್ದರು.

"ಯಾಕ ಹೇಳಲಿಲ್ಲರಿ ಅತ್ತಿ?"

"ಮಗ ಸೊಸಿ ಇಬ್ಬರೂ ದುಡೀತಾರ, ಮುದುಕಿನ ಮಂದಿ ಮನ್ಯಾಗ ಕಂಡಿಕಿ ಸುತ್ತಾಕ ಹಚ್ಚ್ಯಾರ ಅಂತಾರವ್ವಾ. ಅದಕ್ಕ."

"ಇವತ್ತ ಹೋಗ್ರಿ."

"ಕಾಲ ಮುರದ ಸೊಸಿನ ಬಿಟ್ಟ ಹೋದಳು ಅಂತ ಅನಿಸ್ಕೊಳ್ಳಲೇನು?"

ಎರಡು ದಿನ ಜಗಳವಾಡಿ ಅವರನ್ನು ಹೊರಡಿಸಿದೆ. ನೀರು, ಊಟ, ಫೋನು, ಕೈಯಲ್ಲಿ ಹಿಡಿದು ನಡೆಯುವ ವಾಕರ್, ಎಲ್ಲವನ್ನೂ ಮಂಚದ ಪಕ್ಕಕ್ಕೆ ಇಟ್ಟರು. "ಎದ್ದಿಯಂದ್ರ ನೋಡು" ಎಂದು ಬೆರಳು ತೋರಿಸಿ ಹೋದರು. ಮನೆ ಖಾಲಿಯಾಯಿತು. ಇದರಿಂದ ನನಗೂ ಬಿಡುಗಡೆಯೆನ್ನಿಸೀತು ಅಂದುಕೊಂಡಿದ್ದೆ. ಆದದ್ದು ಬೇರೆ. ನೋಡುವವರು ಇಲ್ಲವೆಂದ ಕೂಡಲೇ ಕಾಲು ತನ್ನಷ್ಟಕ್ಕೆ ಮಂಚದಿಂದ ಕೆಳಗಿಳಿಯತೊಡಗಿತು.

ನಾಲ್ಕನೆಯ ದಿನ ಎದ್ದೆ. ವಾಕರ್ ಮುಟ್ಟಲಿಲ್ಲ. ಬಾಗಿಲಿನವರೆಗೆ ಹೋಗಿ ರಸ್ತೆ ನೋಡಿ ಬರುವುದು, ಅಷ್ಟೇ ಎಂದುಕೊಂಡೆ. ಗೋಡೆ ಹಿಡಿದು ಒಂಟಿಗಾಲಿನಲ್ಲಿ ಕುಂಟುತ್ತ ಹೊಸ್ತಿಲ ಹತ್ತಿರ ಬಂದೆ. ಹೊರಗೆ ಬಿಸಿಲು. ಹಾಲಿನ ಡಬ್ಬಿ ಕಟ್ಟಿದ ಮೋಟಾರ್ ಸೈಕಲ್ಲೊಂದು ದಾಟಿ ಹೋಯಿತು. ಅಷ್ಟಕ್ಕೇ ಎಂಥ ಖುಷಿ! ತಿರುಗುವಾಗ ಎಡಗಾಲಿನ ಕೆಳಗಿನ ಚಾಪೆ ಜಾರಿತು. ತಪ್ಪಿಸಿಕೊಳ್ಳಲು ಪ್ಲಾಸ್ಟರ್ ಕಾಲನ್ನು ಊರಿದೆ. ನೋವು ನೆತ್ತಿಗೇರಿತು. ನೆಲದ ಮೇಲೆ ಕೂತುಬಿಟ್ಟೆ.

ಫೋನು ಮಂಚದ ಮೇಲಿತ್ತು. ಕೂಗಿದೆ. ಮಗ್ಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಒಂದು ತಾಸು ಹಾಗೆಯೇ ಕೂತಿದ್ದೆ. ಅತ್ತೆ ನಗುತ್ತ ಬಂದವರು, ಸೆರಗಿಗೆ ನೂಲಿನ ಎಳೆ ಅಂಟಿತ್ತು, ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತರು. ಬೈಯುತ್ತಾರೆಂದು ಕಾದೆ. ಬಗಲಿಗೆ ಕೈಕೊಟ್ಟು ಎಬ್ಬಿಸಿದರು. ಆ ತೋಳಿನಲ್ಲಿ ಅಷ್ಟು ಕಸುವಿದ್ದದ್ದು ನನಗೆ ಗೊತ್ತಿರಲಿಲ್ಲ.

"ನೀರ ಕುಡಿಯಾಕ ಎದ್ದಿದ್ದೆ" ಎಂದು ಸುಳ್ಳು ಹೇಳಿದೆ.

ತುಂಬಿದ ತಂಬಿಗೆ ಮಂಚದ ಪಕ್ಕದಲ್ಲೇ ಇತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು.

ಪ್ಲಾಸ್ಟರ್ ಸೀಳಿತ್ತು. ಮತ್ತೆ ಜಮಖಂಡಿ, ಮತ್ತೆ ಎಕ್ಸ್‌ರೇ. ಎಲುಬು ಸರಿದಿಲ್ಲ, ನಿಮ್ಮ ದೈವ ದೊಡ್ಡದು ಅಂದರು ಡಾಕ್ಟರು. ಆದರೆ ಆರು ಇದ್ದದ್ದು ಎಂಟು ವಾರವಾಯಿತು. ಮರುದಿನ ಹನ್ನೊಂದು ಹೊಡೆಯಿತು. ಅತ್ತೆ ಹೊರಡಲಿಲ್ಲ. ಬಾಗಿಲಿಗೂ ಹೋಗಲಿಲ್ಲ, ನನ್ನ ಎದುರಿನ ಗೋಡೆಗೆ ಒರಗಿ ಕೂತರು. ನನ್ನ ಒಂದು ಗಳಿಗೆಯ ಚಡಪಡಿಕೆಗೆ ಅವರಿಗೂ ಶಿಕ್ಷೆ ಬಿದ್ದಿತ್ತು. ಸಂಜೆ ನಿಜ ಹೇಳಿದೆ.

"ನೀರಿಗಲ್ಲರಿ. ರಸ್ತೆ ನೋಡಬೇಕನಿಸ್ತು."

"ಗೊತ್ತೈತಿ" ಅಂದರು. ಬಾಗಿಲ ಕಡೆ ತಿರುಗಿದರು: "ನನಗೂ ಹಂಗ ಅನಸ್ತೈತಿ. ಲಗ್ನ ಆಗಿ ಈ ಊರಿಗೆ ಬಂದ ವರ್ಷ ದಿನಾ ಒಂದ ಸಲ ಬಾಗಲಿಗೆ ಬಂದ ನಿಂದರತಿದ್ದೆ. ಅಷ್ಟೂರ ತಿರಗಿದಾಕಿ. ಗ್ವಾಡಿ ಅಂದ್ರೇನಂತ ಇಲ್ಲೇ ಕಲತೆ."

ಹಿಂದಿನ ಓಣಿಯವಳಿಗೆ ಫೋನ್ ಮಾಡಿದೆ. ಮರುದಿನ ಅವಳು ಅತ್ತೆಯ ರಾಟೆಯನ್ನು ನಮ್ಮ ಮನೆಗೇ ತಂದಿಟ್ಟಳು. ಜೊತೆಗೆ ನೂಲಿನ ಲಡಿಗಳು, ಕೆಂಪು ಮತ್ತು ಹಸಿರು. ಆಮೇಲೆ ಹನ್ನೊಂದಕ್ಕೆ ಆ ಹೆಂಗಸರಲ್ಲಿ ಒಬ್ಬಿಬ್ಬರು ಇಲ್ಲಿಗೇ ಬರತೊಡಗಿದರು. ನನಗೂ ಕಲಿಸಿದರು. ಬಲಗೈಯಲ್ಲಿ ರಾಟೆ ತಿರುಗಿಸಬೇಕು, ಎಡಗೈ ಬೆರಳುಗಳಲ್ಲಿ ಎಳೆ ಹಿಡಿದು ಕಂಡಿಕೆಯ ಮೇಲೆ ಸಮ ಓಡಾಡಿಸಬೇಕು. ನನ್ನ ಕೈ ಓಡುತ್ತಿದ್ದದ್ದು ಬಸ್ಸಿನ ವೇಗಕ್ಕೆ. ಎಳೆ ಹರಿಯುತ್ತಲೇ ಇತ್ತು. ಮೊದಲ ದಿನ ನಾನು ಸುತ್ತಿದ ಕಂಡಿಕೆಯ ನಡು ಬಸುರಿಯ ಹಾಗೆ ಉಬ್ಬಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಸಾವಕಾಶ ಮಾಡವ್ವಾ. ಯಾವ ಸ್ಟಾಪೂ ಬರೂದಿಲ್ಲ" ಅಂದರು ಅತ್ತೆ.

ಚಡಪಡಿಕೆ ಹೋಯಿತೆಂದು ಹೇಳಲಾರೆ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ ಆಗಲೂ ಬೆರಳು ನಿಲ್ಲುತ್ತಿತ್ತು. ಆದರೆ ಕೈಗೆ ಕೆಲಸವಿದ್ದರೆ ಕಾಲು ಸ್ವಲ್ಪ ಮಾತು ಕೇಳುತ್ತದೆ. ಆ ದಿನಗಳಲ್ಲೇ ಮಾತಿನ ನಡುವೆ ಅತ್ತೆ ಅಂದರು, ಅನಗವಾಡಿಗೆ ಹೋಗದೆ ನಾಲ್ಕು ವರ್ಷವಾಯಿತೆಂದು. ಕರೆದೊಯ್ಯಿರಿ ಎಂದು ಅವರು ಕೇಳಿರಲಿಲ್ಲ. ದಿನವೂ ಊರೂರಿನವರನ್ನು ಹತ್ತಿಸಿ ಇಳಿಸುವ ನಾನೂ ಕೇಳಿರಲಿಲ್ಲ.

ಎಂಟನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದದ್ದು ನನ್ನ ಕಾಲೇ ಎಂದು ನಂಬಲಾಗಲಿಲ್ಲ. ಮೀನಖಂಡ ಕರಗಿ ಹೋಗಿತ್ತು, ಚರ್ಮ ಬೂದಿಯ ಹಾಗೆ ಉದುರುತ್ತಿತ್ತು. ಇನ್ನೊಂದು ತಿಂಗಳು ವ್ಯಾಯಾಮ, ಬಿಸಿನೀರು. ಅತ್ತೆ ದಿನಾ ಎಳ್ಳೆಣ್ಣೆ ಹಚ್ಚಿ ತಿಕ್ಕಿದರು. ಡ್ಯೂಟಿಗೆ ಹಾಜರಾಗಲು ಒಂದು ವಾರ ಇರುವಾಗ ನಾನೇ ಅಂದೆ, "ನಡ್ರಿ ಅತ್ತಿ, ಅನಗವಾಡಿಗೆ ಹೋಗೂನು."

ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಯ ಮೇಲೆ ಹೋದೆವು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೂ ಆಧಾರ್ ಕಾರ್ಡು ತೋರಿಸಬೇಕು. ಅತ್ತೆ ಕಾರ್ಡಿನ ಜೊತೆ ನನ್ನನ್ನೂ ತೋರಿಸಿದರು: "ನನ್ನ ಸೊಸಿನೂ ಕಂಡಕ್ಟರ್ ಅದಾಳ್ರಿ." ಅರ್ಧ ಬಸ್ಸು ತಿರುಗಿ ನೋಡಿತು. ಸೀಟಿನಲ್ಲಿ ಕೂತು ನಾನು ತಲೆ ಎಣಿಸುತ್ತಿದ್ದೆ. ಹಿಂದಿನ ಬಾಗಿಲಲ್ಲಿ ಹತ್ತಿದ ಇಬ್ಬರನ್ನು ಆ ಕಂಡಕ್ಟರ್ ನೋಡಿಲ್ಲವೆಂದು ಚಡಪಡಿಸುತ್ತಿದ್ದೆ.

ಜಮಖಂಡಿಯಲ್ಲಿ ಅತ್ತೆಯ ಭುಜ ಹಿಡಿದು ಇಳಿದಿದ್ದೆ, ಅನಗವಾಡಿಯಲ್ಲಿ ಒಬ್ಬಳೇ ಇಳಿಯುವಾಗ ಕಾಲಿನ ಅಂಜಿಕೆ ಗೊತ್ತಾಯಿತು. ಮೂರೇ ಮೆಟ್ಟಿಲು. ಬಲಗಾಲು ಮುಂದೆ ಹೋಗಲೊಲ್ಲದು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಲಗೂ ಇಳೀರಿ ಬಾಯಾರ" ಅಂದರು. ಇದೇ ಮಾತನ್ನು ನಾನು ಎಷ್ಟು ಜನಕ್ಕೆ ಅಂದಿದ್ದೆನೋ! ಅತ್ತೆ ಆಗಲೇ ಕೆಳಗಿದ್ದರು. ತಿರುಗಿ, "ಉಲ್ಟಾ ಇಳೀ. ಮಾರಿ ಬಸ್ಸಿನ ಕಡೆ ಮಾಡು, ನಿಚ್ಚಣಿಕಿ ಇಳದಂಗ" ಅಂದರು. ಹಾಗೆಯೇ ಇಳಿದೆ. ನಾಚಿಕೆಯಾಯಿತು, ಆದರೆ ಇಳಿದೆ.

ಅತ್ತೆಯ ತಮ್ಮನ ಮನೆಯಲ್ಲಿ ಊಟ ಮಾಡಿ ಹೊಳೆಯ ದಂಡೆಗೆ ಹೋದೆವು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಮುಂದೆ ನಡೆದರು. ನಾನು ಹಿಂದೆ ಕುಂಟುತ್ತ, "ಅತ್ತಿ, ನಾಕರ ಬಸ್ಸಿಗೆ ಇನ್ನ ಇಪ್ಪತ್ತ ಮಿನಿಟ್ ಐತಿ!" ಎಂದು ಕೂಗಿದೆ.

"ಹೋಗಲಿ ಬಿಡು. ಅದರ ಹಿಂದ ಬ್ಯಾರೆ ಬಸ್ ಇಲ್ಲೇನು?"

ಇತ್ತು, ಐದೂವರೆಗೆ. ಅದಕ್ಕೇ ಹೋದೆವು.

ಈಗ ಡ್ಯೂಟಿಗೆ ಸೇರಿ ನಾಲ್ಕು ತಿಂಗಳಾಗಿದೆ. ಸಂಜೆಯ ಹೊತ್ತಿಗೆ ಪಾದ ಬಾತುಕೊಳ್ಳುತ್ತದೆ, ಮೆಟ್ಟಿಲಿಳಿಯುವಾಗ ನೆಲ ನೋಡಿಯೇ ಇಳಿಯುತ್ತೇನೆ. ಅತ್ತೆಯ ರಾಟೆ ಮತ್ತೆ ಹಿಂದಿನ ಓಣಿಯ ಮನೆಗೆ ಹೋಗಿದೆ. ವಾರದ ರಜೆಯ ದಿನ ಮನೆಯಲ್ಲಿರುವುದು ನನಗಿನ್ನೂ ಕಷ್ಟವೇ. ಅತ್ತೆ ಮಾತ್ರ ನಾನಿದ್ದೇನೆಂದು ಮನೆಯಲ್ಲಿ ಉಳಿಯುವುದಿಲ್ಲ. ಹನ್ನೊಂದಕ್ಕೆ ಸೆರಗು ಸರಿಮಾಡಿಕೊಂಡು, "ನಾ ಹೊಂಟೆ, ಪಲ್ಯ ಮುಚ್ಚಿ ಇಟ್ಟೇನಿ" ಎಂದು ಕೇರಿಗೆಲ್ಲ ಕೇಳುವ ಹಾಗೆ ಹೇಳಿ ಹೋಗುತ್ತಾರೆ.