ಮುಳ್ಳಿಲ್ಲದ ಗಾಳ

ಅಡ್ಯಾರಿನಲ್ಲಿ ನಮ್ಮ ಮೇಲಿನ ಫ್ಲ್ಯಾಟ್‌ನಲ್ಲಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರರಿಗೆ ಫ್ಲೈ ಫಿಶಿಂಗ್ ಹುಚ್ಚು. ಮೀನನ್ನು ಮರುಳು ಮಾಡಲು ನನ್ನ ಹಳೆಯ ಸೀರೆಯ ರೇಷ್ಮೆ ಎಳೆಗಳಿಂದ ಹುಸಿನೊಣ ಕಟ್ಟುತ್ತಿದ್ದರು. ಗಾಳದ ಮುಳ್ಳನ್ನು ಮಾತ್ರ ಮುರಿದು ಬಿಸಾಡುತ್ತಿದ್ದರು.

“ಮತ್ಸ್ಯಾವತಾರ ಅಲ್ವಾ ಮಾಮಿ, ಚುಚ್ಚೋಕಾಗುತ್ತಾ? ಒಂದೇ ಒಂದ್ಸಲ ಮೀನು ಎಳೆದ್ರೆ ಸಾಕು. ಪೇಷನ್ಸ್, ಮಾಮಿ, ಪೇಷನ್ಸ್.”

ನದಿಯ ದಡದಲ್ಲಿ ಅವರಿಗೆ ಕೊಡೆ ಹಿಡಿದು ನಿಲ್ಲುವುದೇ ನನ್ನ ಮಾರ್ನಿಂಗ್ ವಾಕ್. ಒಂದು ಬೆಳಿಗ್ಗೆ ಮೀನು ನಿಜವಾಗಿಯೂ ಕಚ್ಚಿತು, ಬಿಡಲೇ ಇಲ್ಲ. “ಬಿಡಪ್ಪಾ” ಎಂದು ಬೇಡಿಕೊಂಡರು. ಅಡ್ಯಾರಿನ ಮೀನಿಗೆ ಕನ್ನಡ ಬರಲಿಕ್ಕಿಲ್ಲವೆಂದು ತಮಿಳಿನಲ್ಲಿ “ವಿಡುಪ್ಪಾ” ಎಂದರು. ಬಿಟ್ಟಿತು.

ನಾನು ಕಂಗ್ರಾಟ್ಸ್ ಹೇಳಿದೆ. ಅವರ ಮುಖ ಬಾಡಿತ್ತು.

“ಊಟ ಅಂತ ನಂಬಿ ಬಂತು, ಮಾಮಿ. ಚೀಟಿಂಗ್ ಅಲ್ವಾ ಇದು?”

ಮರುದಿನದಿಂದ ದಾರದ ತುದಿಗೆ ಇಡ್ಲಿ ಕಟ್ಟಿ ಎಸೆಯತೊಡಗಿದರು. ಮೆತ್ತಗಿರಲಿ ಎಂದು ನಮ್ಮ ಮನೆಯಿಂದಲೇ ಒಯ್ಯುತ್ತಿದ್ದರು.