ಕೈಯಲ್ಲೇ ಒಯ್ಯಬೇಕಾಗಿದ್ದ ಡಬ್ಬ

ಡಾಕ್ಟರು ಮಗಳ ಉಬ್ಬಸಕ್ಕೆ ಔಷಧಿಗಳನ್ನೆಲ್ಲ ಬರೆದು ಮುಗಿಸಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಮುಂದಿನ ಚಳಿಗಾಲಕ್ಕೆ ಈ ಹುಡುಗಿಯನ್ನು ಇಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಇಲ್ಲಿ ಎಂದರೆ ಎಲ್ಲಿ ಎಂದು ನನಗೆ ಹೊಳೆಯಲಿಲ್ಲ. ಮನೆಯಲ್ಲೋ, ಶಾಲೆಯಲ್ಲೋ? "ದಿಲ್ಲಿ ಮೇಂ" ಎಂದರು ಅವರು, ಮಳೆ ಬರಬಹುದು ಕೊಡೆ ತಗೊಂಡು ಹೋಗಿ ಎನ್ನುವಷ್ಟು ಸಲೀಸಾಗಿ. ಒಂದು ಊರಿಗೆ ಊರೇ ಮಗುವಿನ ಮೈಗೆ ಆಗಿಬರುವುದಿಲ್ಲ ಎಂದು ಡಾಕ್ಟರೊಬ್ಬರು ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ನಮ್ಮ ದಾವಣಗೆರೆಯಲ್ಲೂ ಹವಾ ಬದಲಾವಣೆ ಎಂಬ ಮಾತಿದೆ. ಟೈಫಾಯ್ಡ್ ಬಂದು ಎದ್ದವರು ಸೋದರಮಾವನ ಮನೆಗೆ ಹೋಗಿ, ಗಂಜಿ ತುಪ್ಪ ಉಂಡು, ಮೈಕೈ ತುಂಬಿಕೊಂಡು ವಾಪಸು ಬರುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ದಿಲ್ಲಿಯಲ್ಲಿ ನಮ್ಮ ಪಾಲಿಗೆ ಅದು ಸಂಸಾರವನ್ನೇ ಕಿತ್ತು ಲಾರಿಗೆ ಏರಿಸುವ ಮಾತಾಯಿತು. ಅದೂ ಅರ್ಧ ಸಂಸಾರವನ್ನು. ನಮ್ಮವರು ಹೌಜ್ ಖಾಸ್ ಹತ್ತಿರದ ಎಂಜಿನಿಯರಿಂಗ್ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿದ್ದಾರೆ. ಖಾಯಂ ಕೆಲಸ. ಅಂಥ ಯಂತ್ರಗಳಿರುವ ಜಾಗ ದಾವಣಗೆರೆಯಲ್ಲಿ ಎಲ್ಲಿಂದ ಬರಬೇಕು? ಆದ್ದರಿಂದ ನಾನು ಮತ್ತು ಮಗಳು ಇಂಚರ ಹೋಗುವುದು, ಅವರು ದಿಲ್ಲಿಯಲ್ಲೇ ಒಂದು ಕೋಣೆ ಹಿಡಿದುಕೊಂಡು ಇರುವುದು ಎಂದಾಯಿತು. ಎಲ್ಲಿಯ ತನಕ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಮದುವೆಯಾಗಿ ದಿಲ್ಲಿಯ ಲಕ್ಷ್ಮೀ ನಗರದ ಮನೆಗೆ ಬಂದಾಗ ನನಗೆ ಹಿಂದಿ ಎಂದರೆ ಶಾಲೆಯ ಪಠ್ಯಪುಸ್ತಕದ ಹಿಂದಿ. ತರಕಾರಿ ಗಾಡಿಯವನಿಗೆ ನಾನು "ಕೃಪಯಾ" ಎಂದು ಶುರು ಮಾಡಿದರೆ ಅವನು ನಗು ತಡೆಯಲಾಗದೆ ತಕ್ಕಡಿ ಕೆಳಗಿಡುತ್ತಿದ್ದ. ಬರುಬರುತ್ತಾ ನಾನೂ ಸೊಂಟದ ಮೇಲೆ ಕೈಯಿಟ್ಟು "ಭಯ್ಯಾ, ಲೂಟ್ ಮಚಾ ರಖೀ ಹೈ ಕ್ಯಾ" ಎನ್ನುವುದನ್ನು ಕಲಿತೆ, ಅಂದರೆ ಏನಪ್ಪಾ, ಹಗಲುದರೋಡೆಯಾ ಎಂದು. ಆ ದಿನ ಅವನು ಕೊತ್ತಂಬರಿ ಜೊತೆ ಒಂದು ಹಿಡಿ ಕರಿಬೇವನ್ನು ಪುಕ್ಕಟೆ ಹಾಕಿದ. ದಿಲ್ಲಿ ನನ್ನನ್ನು ಒಪ್ಪಿಕೊಂಡಿತು ಎಂದು ಬೀಗುತ್ತಾ ಮೆಟ್ಟಿಲು ಹತ್ತಿದ್ದೆ.

ಆ ಊರಿನಲ್ಲಿ ನನಗೆ ಕಡೆಯವರೆಗೂ ರೂಢಿಯಾಗದೆ ಉಳಿದದ್ದು ಕಿಟಕಿ. ನಮ್ಮಲ್ಲಿ ಬೆಳಗಾದರೆ ಮೊದಲು ಕಿಟಕಿ ತೆರೆಯುತ್ತೇವೆ, ಮುಚ್ಚಿದ ಮನೆ ಎಂದರೆ ಸೂತಕದ ಮನೆಯ ಹಾಗೆ. ಅಲ್ಲಿ ದೀಪಾವಳಿ ಬರುತ್ತಿದ್ದಂತೆ ಹೊರಗಿನ ಹೊಗೆ ನುಗ್ಗದಂತೆ ಕಿಟಕಿಯ ಸಂದಿಗಳಿಗೆ ಟೇಪು ಅಂಟಿಸುತ್ತಿದ್ದೆವು. ಒಳಗೆ ಗಾಳಿ ಶುದ್ಧ ಮಾಡುವ ಯಂತ್ರ ಗುಯ್‌ಗುಟ್ಟುತ್ತಿರುತ್ತಿತ್ತು. ಇಂಚರ ಕಿಟಕಿಯ ಗಾಜಿಗೆ ಮೂಗು ಒತ್ತಿ, ಕೆಳಗೆ ಆಡುವ ಮಕ್ಕಳನ್ನು ನೋಡುತ್ತಾ ಕೂರುತ್ತಿದ್ದಳು. ಆ ಮಕ್ಕಳಾದರೂ ಯಾಕೆ ಹೊರಗಿದ್ದಾರೆ ಎಂದು ನನಗೆ ಅವರ ತಾಯಂದಿರ ಮೇಲೆ ಸಿಟ್ಟು ಬರುತ್ತಿತ್ತು.

ಚಳಿಗಾಲಕ್ಕೆ ಮುಂಚೆಯೇ ಹೊರಡಬೇಕಿತ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ ಎಂದೆವು, ದಾವಣಗೆರೆಯಲ್ಲಿ ಅಣ್ಣ ಮನೆ ಹುಡುಕಲಿ ಎಂದೆವು. ಅಷ್ಟರಲ್ಲಿ ದೀಪಾವಳಿಯೂ ಕಳೆಯಿತು, ಬೂದುಬಣ್ಣದ ಆಕಾಶವೂ ಇಳಿಯಿತು.

ಸಾಮಾನು ಹಂಚುವ ಕೆಲಸವನ್ನು ನಾವಿಬ್ಬರೂ ನೆಲದ ಮೇಲೆ ಕೂತು ಮಾಡಿದೆವು. ದೊಡ್ಡ ಕುಕ್ಕರ್ ನನಗೆ, ಚಿಕ್ಕದು ಅವರಿಗೆ. ಗ್ರೈಂಡರ್ ನನಗೆ, ಹೀಟರ್ ಅವರಿಗೆ. ಹೊದಿಕೆಗಳಲ್ಲಿ ದಪ್ಪನೆಯವು ಇಲ್ಲೇ ಇರಲಿ, ದಾವಣಗೆರೆಯಲ್ಲಿ ರಜಾಯಿ ಹೊದ್ದು ಮಲಗಿದರೆ ಜನ ನಗುತ್ತಾರೆ. ಅಣ್ಣತಮ್ಮಂದಿರು ಪಾಲಾಗುವಾಗ ಕೂಗಾಟವಾದರೂ ಇರುತ್ತದೆ. ನಮ್ಮಲ್ಲಿ "ನೀವೇ ಇಟ್ಕೊಳ್ರಿ", "ಬೇಡ ವೀಣಾ, ನಿಂಗೇ ಬೇಕಾಗ್ತದೆ" ಎಂಬ ಮಾತು ಬಿಟ್ಟರೆ ಸದ್ದಿಲ್ಲ. ಒಮ್ಮೆ ಜಗಳವನ್ನಾದರೂ ಆಡೋಣ ಅನ್ನಿಸಿತು ನನಗೆ.

ರಟ್ಟಿನ ಡಬ್ಬಗಳ ಮೇಲೆಲ್ಲ ನಾನು ದಪ್ಪ ಕೆಂಪು ಮಾರ್ಕರಿನಲ್ಲಿ ಕನ್ನಡದಲ್ಲೇ ಬರೆದೆ. ಅಡುಗೆಮನೆ, ಪುಸ್ತಕ, ಚಳಿಬಟ್ಟೆ, ದೇವರ ಸಾಮಾನು. ಲಾರಿ ದಾವಣಗೆರೆ ಮುಟ್ಟಿದಾಗ ಇಳಿಸಿಕೊಳ್ಳುವವನು ಅಣ್ಣ, ಅವನಿಗೆ ತಿಳಿಯಬೇಕಲ್ಲ. ಒಂದು ಡಬ್ಬಕ್ಕೆ ಮಾತ್ರ ನಾಲ್ಕೂ ಬದಿಗೆ "ಕೈಯಲ್ಲೇ ಒಯ್ಯುವುದು, ಲಾರಿಗೆ ಬೇಡ" ಎಂದು ಬರೆದೆ. ಹೊಸ ಮನೆಗೆ ಕಾಲಿಟ್ಟ ಕೂಡಲೇ ಹಾಲುಕ್ಕಿಸುವ ಹಿತ್ತಾಳೆ ಪಾತ್ರೆ ಅದರಲ್ಲಿತ್ತು. ಅತ್ತಿಗೆ ಫೋನಿನಲ್ಲಿ ಸಾರಿಸಾರಿ ಹೇಳಿದ್ದಳು, "ಆ ಪಾತ್ರೆ, ದೀಪ, ಒಂದಿಷ್ಟು ಅಕ್ಕಿ ನಿನ್ ಕೈಯಾಗೇ ಬರ್ಬೇಕು ನೋಡು, ಯಾರಿಗೂ ಕೊಡ್ಬ್ಯಾಡ." ಅದರ ಜೊತೆಗೆ ಇಂಚರಾಳ ನೆಬುಲೈಸರನ್ನೂ ಇಟ್ಟೆ, ಔಷಧಿಯನ್ನು ಮಂಜಿನ ಹಾಗೆ ಮಾಡಿ ಮಾಸ್ಕಿನ ಮೂಲಕ ಉಸಿರಿಗೆ ಕೊಡುವ ಚಿಕ್ಕ ಯಂತ್ರ. ಅವಳು ಬಾಯಿಗಿಟ್ಟು ಉಸಿರೆಳೆದುಕೊಳ್ಳುವ ಪಂಪು, ಔಷಧಿ, ಎಲ್ಲವೂ ಅದರಲ್ಲೇ. ಮರೆಯಲೇಬಾರದ್ದೆಲ್ಲ ಒಂದೇ ಕಡೆ ಇರಲಿ ಎಂದು.

ಸಾಮಾನು ಕಟ್ಟಿ ಸಾಗಿಸುವ ಪ್ಯಾಕರ್ಸ್ ಎಂದರೆ ಮೈಯೆಲ್ಲ ಕೈ. ಕಸದ ಬುಟ್ಟಿಯನ್ನು ಕಸದ ಸಮೇತ ಸುತ್ತಿ ಕಟ್ಟಿದ್ದರು, ನಾನು ಬಿಚ್ಚಿಸಿದೆ. ನಮ್ಮ ಗಲ್ಲಿಗೆ ಲಾರಿ ಬರುವುದಿಲ್ಲ. ಗಲ್ಲಿಯ ಬಾಯಲ್ಲಿ ಛೋಟಾ ಹಾಥಿ ನಿಂತಿತ್ತು, ಚಿಕ್ಕ ಆನೆ ಎಂದು ಅಲ್ಲಿ ಕರೆಯುವುದು ಪುಟ್ಟ ಸರಕಿನ ಟೆಂಪೋವನ್ನು. ಮೊದಲು ಸಣ್ಣ ಡಬ್ಬಗಳು ಒಳಗೆ, ಆಮೇಲೆ ಮಂಚ, ಬೀರು, ಫ್ರಿಜ್ಜು. ನಾನು ಖಾಲಿ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದೆ. ಮಂಚ ಎತ್ತಿದ ಜಾಗದಿಂದ ವರ್ಷಗಳ ಧೂಳು ಎದ್ದು ಕೋಣೆ ತುಂಬಿತು, ಬಾಗಿಲು ಹಾರುಹೊಡೆದಿತ್ತು, ಹೊರಗಿನ ಹೊಗೆಯೂ ಸೇರಿಕೊಂಡಿತು.

"ಮಮ್ಮೀ" ಎಂದಳು ಇಂಚರ. ಆ ದನಿ ನನಗೆ ಗೊತ್ತು. ತಿರುಗಿ ನೋಡಿದರೆ ಗೋಡೆಗೆ ಒರಗಿ ಭುಜ ಮೇಲೆತ್ತಿ ಎತ್ತಿ ಉಸಿರೆಳೆಯುತ್ತಿದ್ದಾಳೆ, ಕುತ್ತಿಗೆಯ ಗುಳಿ ಒಳಗೆ ಒಳಗೆ ಹೋಗುತ್ತಿದೆ. ಡಬ್ಬ ಇಟ್ಟಿದ್ದ ಮೂಲೆಗೆ ಓಡಿದೆ. ಮೂಲೆ ಖಾಲಿ.

ಪ್ಯಾಕರ್ಸ್ ಮೇಸ್ತ್ರಿ ಗಾಬರಿಯಾಗಿ ಕೈ ಮುಗಿದ. "ಮೇಡಮ್‌ಜೀ, ಹಮೇಂ ತೋ ಸಬ್ ಜಲೇಬಿ ದಿಖ್ತಾ ಹೈ." ನಿಮ್ಮ ಅಕ್ಷರವೆಲ್ಲ ನಮಗೆ ಜಲೇಬಿಯ ಹಾಗೆ ಕಾಣುತ್ತದೆ ಎಂದ. ಪಾಪ, ಅವನದೇನು ತಪ್ಪು? ಲಾರಿಗೆ ಬೇಡ ಎಂದು ಲಾರಿಗೆ ಹೊರುವವರಿಗೆ ಓದಲು ಬಾರದ ಲಿಪಿಯಲ್ಲಿ ಬರೆದವಳು ನಾನು. ದಿಲ್ಲಿಯಲ್ಲಿ ನಿಂತು ದಾವಣಗೆರೆಗೆ ಬರೆದಿದ್ದೆ.

ನಮ್ಮವರು ಚಪ್ಪಲಿಯನ್ನೂ ಮೆಟ್ಟದೆ ಗಲ್ಲಿಯಲ್ಲಿ ಓಡಿದರು. ಇಡೀ ಗಲ್ಲಿಯಲ್ಲಿ ಆ ಡಬ್ಬಗಳನ್ನು ಓದಬಲ್ಲ ಇನ್ನೊಬ್ಬ ಮನುಷ್ಯ ಅವರೇ. ಟೆಂಪೋ ಹತ್ತಿ, ಬೀರುವಿನ ಸಂದಿಯಲ್ಲಿ ನುಸುಳಿ, ಒಂದೊಂದೇ ಡಬ್ಬ ತಿರುಗಿಸಿ ನೋಡಿ ಹಿಂದಕ್ಕೆ ದಾಟಿಸತೊಡಗಿದರಂತೆ.

ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಟ್ಟಿಲ ಕಡೆ ತಿರುಗಿ ಕೂಗಿದೆ. ಕೂಗಿದ್ದು ಕನ್ನಡದಲ್ಲಿ, "ಯಾರಾದ್ರೂ ಬರ್ರೀ!" ಎಂದು. ಅರ್ಥವಾಗಬೇಕಾದ ಅಗತ್ಯವೇ ಇರಲಿಲ್ಲ. ಮೇಲಿನ ಮನೆಯ ಕಮಲೇಶ್ ಆಂಟಿ, ಇಷ್ಟು ವರ್ಷ ನೀರಿನ ಮೋಟಾರಿಗಾಗಿ ನನ್ನ ಜೊತೆ ಜಗಳವಾಡಿದ ಹೆಂಗಸು, ಮೊಮ್ಮಗನ ನೆಬುಲೈಸರ್ ಎದೆಗವಚಿಕೊಂಡು ಇಳಿದು ಬಂದರು. ಎದುರು ಬಾಗಿಲ ಮನೆಯವಳೂ ಒಂದನ್ನು ಹಿಡಿದು ನಿಂತಿದ್ದಳು. ಆಗಲೇ ನನಗೆ ತಿಳಿದದ್ದು, ನಮ್ಮ ಕಟ್ಟಡದಲ್ಲಿ ಮಿಕ್ಸಿಯ ಹಾಗೆ ಮನೆಮನೆಗೂ ಇದೊಂದು ಯಂತ್ರ ಇದೆ ಎಂದು. ಡಾಕ್ಟರೂ ಒಬ್ಬರೇ, ಔಷಧಿಯೂ ಅದೇ. ಆಂಟಿ ಪ್ಲಗ್ಗು ಚುಚ್ಚಿ, ಮಾಸ್ಕು ಕಟ್ಟಿ, ಇಂಚರಾಳ ಬೆನ್ನು ನೀವುತ್ತಾ ಕೂತರು.

ಮಂಜು ಒಳಗೆ ಹೋಗುತ್ತಾ ಹೋಗುತ್ತಾ ಅವಳ ಭುಜ ಕೆಳಗಿಳಿಯಿತು. ನಾನು ಅಳತೊಡಗಿದೆ, ನಾಚಿಕೆ ಬಿಟ್ಟು ಅತ್ತೆ. ನೀವೂ ಮೊಮ್ಮಗನನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಬಾರದೇ ಎಂದು ಆಂಟಿಯನ್ನು ಕೇಳಿದೆ.

"ಕಹಾಂ ಜಾಯೇಂ, ಬೇಟಾ?" ಎಂದರು ಆಂಟಿ, ಬೆನ್ನು ನೀವುವುದನ್ನು ನಿಲ್ಲಿಸದೆ. "ನಿನಗೊಂದು ಊರಿದೆ, ಎದ್ದು ಹೋಗ್ತಿದ್ದೀಯ. ಹಮಾರಾ ತೋ ಗಾಂವ್ ಭೀ ಯಹೀ ಹೈ." ನಮಗೆ ಊರು ಎಂದರೂ ಇದೇ.

ಇಂಚರ ಮಾಸ್ಕನ್ನು ಕೈಯಿಂದ ಸರಿಸಿದಳು. "ಆಂಟೀ, ಮೇರಾ ಭೀ" ಎಂದಳು. ನನ್ನದೂ.

ಊರಿಗೆ ಹೋಗೋಣ, ಊರಿಗೆ ಹೋಗೋಣ ಎಂದು ವಾರಗಟ್ಟಲೆ ಅವಳ ಕಿವಿಯಲ್ಲಿ ಜಪಿಸಿದ್ದೆ. ಅವಳು ಹುಟ್ಟಿದ್ದು ದಿಲ್ಲಿಯ ಆಸ್ಪತ್ರೆಯಲ್ಲಿ, ಗೆಳತಿಯರು ಆ ಗಲ್ಲಿಯಲ್ಲಿ. ದಾವಣಗೆರೆ ಅವಳಿಗೆ ಬೇಸಿಗೆ ರಜೆಯಲ್ಲಿ ಮಾವನ ಸ್ಕೂಟರಿನ ಹಿಂದೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವ ಜಾಗ, ಅಷ್ಟೆ. ನಾನು ನನ್ನೂರಿಗೆ ಮರಳುತ್ತಿದ್ದೆ, ಅವಳು ತನ್ನೂರು ಬಿಟ್ಟು ವಲಸೆ ಹೊರಟಿದ್ದಳು. ಮದುವೆಯಾದ ವರ್ಷ ರೈಲಿನ ಕಿಟಕಿಗೆ ತಲೆಯಾನಿಸಿ ನಾನು ಅತ್ತದ್ದನ್ನು ಈಗ ಅವಳು ಅಳಬೇಕಾಗಿತ್ತು, ಇನ್ನೂ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ. ಮಾಸ್ಕನ್ನು ಮತ್ತೆ ಅವಳ ಮುಖಕ್ಕೆ ಒತ್ತಿ ಹಿಡಿದೆ. ಬೇರೆ ಏನು ಮಾಡಲಿ?

ನಮ್ಮವರು ಡಬ್ಬ ಹೊತ್ತು ಬಂದರು. ಮೈಯೆಲ್ಲ ಧೂಳು, ಮೊಣಕೈ ತರಚಿ ರಕ್ತ. ಮಗಳು ಉಸಿರಾಡುತ್ತಿರುವುದನ್ನು ನೋಡಿ ಡಬ್ಬ ಇಳಿಸಿ ಬಾಗಿಲಲ್ಲೇ ಕೂತರು. ಔಷಧಿ ಮುಗಿದ ಮೇಲೆ ಅವಳು ಎದ್ದು ಹೋಗಿ ಅವರ ಪಕ್ಕ ಕೂತಳು.

"ಪಪ್ಪಾ, ನಂಗೆ ಠೀಕ್ ಆದ್ಮೇಲೆ ವಾಪಸ್ ಬರ್ಬಹುದಾ?"

"ಬರ್ಬಹುದು ಪುಟ್ಟಾ. ಯಾಕ್ ಬರ್ಬಾರ್ದು?" ಎಂದರು. ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ಒಣಕೆಮ್ಮು, ಬಿಟ್ಟು ಬಿಟ್ಟು ಬರುವಂಥದ್ದು. ಇಂಚರಾಳಿಗೆ ಶುರುವಾದದ್ದೂ ಹಾಗೆಯೇ. ಕಮಲೇಶ್ ಆಂಟಿ ತಲೆಯೆತ್ತಿ ನನ್ನನ್ನು ನೋಡಿದರು, ನಾನು ಅವರತ್ತ ನೋಡಲಿಲ್ಲ.

ಟೆಂಪೋದ ಧೂಳಿರಬೇಕು ಎಂದುಕೊಂಡೆ. ಈಗ ದಾವಣಗೆರೆಯ ಈ ಮನೆಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಹೊರಗೆ ಮಗಳು ಓಡಿ ಆಡುವ ಸದ್ದು ಕೇಳುತ್ತಿದೆ. ಸಂಜೆ ಅವರ ಫೋನು ಬರುತ್ತದೆ, ಮಾತಿನ ನಡುವೆ ಅದೇ ಕೆಮ್ಮು. ಧೂಳೇ ಇರಬೇಕು ಎಂದು ಈಗಲೂ ಅಂದುಕೊಳ್ಳುತ್ತೇನೆ.